ಸಪಾಟು ತಳ

ಗುಮಾಸ್ತರು ಕೈ ತೊಳೆದು ಬರುವಷ್ಟರಲ್ಲಿ, ಪ್ಯಾಕಿಂಗ್ ವಿಭಾಗದ ಅಕ್ಕ ಮೊಕದ್ದಮೆಯ ಸಾಕ್ಷಿಯನ್ನು ತಿಂದುಬಿಟ್ಟಿದ್ದರು.

ಸಾಕ್ಷಿಯೆಂದರೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರೊಳಗೆ ಬೆರಳುದ್ದದ ಸಾಸಿವೆ ಸಸಿಗಳು. ಬೆಳೆಯುವುದೂ ಅದರಲ್ಲೇ, ಮಾರಾಟವಾಗುವುದೂ ಅದರಲ್ಲೇ. ತಳದಲ್ಲಿ ಉಬ್ಬುಗೆರೆ ಕೊಟ್ಟು ಬೇರಿಗೆ ಗಾಳಿಯಾಡಿಸುವ ಪೇಟೆಂಟ್ ತಮ್ಮದು, ಅದನ್ನು ಕದ್ದಿದ್ದಾರೆ ಎಂದು ಎದುರು ಕಂಪನಿ ದೂರಿತ್ತು. ನಮ್ಮ ತಳ ಕನ್ನಡಿಯಷ್ಟು ಸಪಾಟು ಎಂಬುದು ಗುಮಾಸ್ತರ ಕಂಪನಿಯ ವಾದ. ಹನ್ನೊಂದಕ್ಕೆ ವಿಚಾರಣೆ, ಎರಡೂ ಕಡೆಯವರು ಸಸಿ ತುಂಬಿದ ಪೆಟ್ಟಿಗೆ ತರಬೇಕು. ಸೋತರೆ ಕಾರ್ಖಾನೆಗೆ ಬೀಗ, ಗುಮಾಸ್ತರ ಇಪ್ಪತ್ತು ವರ್ಷದ ಕೆಲಸಕ್ಕೂ.

ಹತ್ತು ದಿನ ಆ ಪೆಟ್ಟಿಗೆ ಅವರ ಮೇಜಿನ ಮೇಲಿತ್ತು. ಚುಕ್ಕೆಯಷ್ಟು ಬೀಜಗಳು ಒಡೆದು, ದಾರದಂಥ ಕತ್ತಿನಲ್ಲಿ ಮುಚ್ಚಳವನ್ನೇ ಎತ್ತಿ ನಿಂತ ಬೆಳಿಗ್ಗೆ ಅವರು ಫೈಲು ಮುಚ್ಚಿ ಬೆರಗಾಗಿ ಕೂತುಬಿಟ್ಟಿದ್ದರು. ಯಾರನ್ನೂ ಕೇಳದೆ ಏಳುವುದೆಂದರೆ ಇದೇ ಅನ್ನಿಸಿತ್ತು. ತಮ್ಮ ಇಡೀ ಬದುಕಿನಲ್ಲಿ ಅವರು ಕುರ್ಚಿಯಿಂದಲೂ ಹಾಗೆ ಎದ್ದವರಲ್ಲ.

"ಚೆನ್ನಾಗಿತ್ತು ಕಣ್ರೀ, ಸ್ವಲ್ಪ ಖಾರ," ಅಂದರು ಅಕ್ಕ.

"ಪೆಟ್ಟಿಗೆ ಎಲ್ಲಿ ಅಕ್ಕಾ?"

"ತೊಳೆದು ಕೊಡೋಣ ಅಂತ ಕುದಿಯೋ ನೀರು ಹಾಕ್ದೆ. ಬೈಸ್ಕೊಂಡ ಮಗು ಥರ ಮುದುರ್ಕೊಂಡ್ಬಿಡ್ತು."

ಸಸಿ ಬೆಳೆಸುವ ಷೆಡ್ಡಿಗೆ ಹೋಗಿಬರಲು ಮೂರು ಗಂಟೆ ಬೇಕು. ಗುಮಾಸ್ತರು ಮೂಲೆಯಂಗಡಿಗೆ ಓಡಿದರು.

"ನಿಮ್ಮ ಕಂಪನೀದು ಒಂದೇ ಒಂದಿತ್ತು ಸಾರ್," ಎಂದ ಅಂಗಡಿಯವನು. "ಈಗಷ್ಟೇ ಕನ್ನಡಕದವರೊಬ್ರು ಏದುಸಿರು ಬಿಡ್ತಾ ಬಂದು ತಗೊಂಡೋದ್ರು. ಎದುರು ಕಂಪನೀದಿದೆ, ಕೊಡ್ಲಾ?"

ವಿಧಿಯಿಲ್ಲದೆ ಅದನ್ನೇ ತಂದರು.

"ಅಳ್ಬೇಡಿ, ಮೇಲಿಂದ ಎಲ್ಲಾ ಒಂದೇ," ಎನ್ನುತ್ತ ಅಕ್ಕ ಎದುರು ಕಂಪನಿಯ ಹೆಸರಿನ ಮೇಲೆ ತಮ್ಮ ಲೇಬಲ್ ಅಂಟಿಸಿದರು.

ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಮೊದಲು ದೂರುದಾರರ ಪೆಟ್ಟಿಗೆ ತೆಗೆದುಕೊಂಡು, ಹಸಿರು ಚಾಪೆಯಂತೆ ಹೆಣೆದುಕೊಂಡಿದ್ದ ಸಸಿಗಳನ್ನು ಬೇರು ಸಮೇತ ಎತ್ತಿದರು. ಕೆಳಗೆ ತಳ ಕನ್ನಡಿಯಷ್ಟು ಸಪಾಟಾಗಿತ್ತು.

"ನಿಮ್ಮಲ್ಲೇ ಇಲ್ಲದ ಗೆರೆಗಳನ್ನ ಇವರು ಹೇಗ್ರೀ ಕದೀತಾರೆ?"

ಎದುರು ಕಂಪನಿಯ ವಕೀಲರು ಹಿಂದೆ ತಿರುಗಿದರು. ಅವರ ಗುಮಾಸ್ತ ಕನ್ನಡಕ ತೆಗೆದು, ಅದನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

ದೂರು ವಜಾ ಆಯಿತು. ಇವರ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ.

ಹೊರಗೆ, ಗೆದ್ದ ಖುಷಿಯಲ್ಲಿ ಕಾರ್ಖಾನೆಯ ಯಜಮಾನರೇ ಸಸಿಗಳನ್ನೆತ್ತಿ ನೋಡಿದರು. ಉಬ್ಬುಗೆರೆಗಳ ನಡುವೆ ಬಾಚಿದ ಬೆಳ್ಳಿಗೂದಲಿನಂತೆ ಬೇರುಗಳು ಇಳಿಬಿದ್ದಿದ್ದವು.

"ಹತ್ತು ದಿನ ತುಟಿ ಬಿಚ್ಚದೆ, ಅವರಲ್ಲೂ ಇಲ್ಲದ್ದನ್ನ ನೀವು ಮಾಡಿದೀರಲ್ರೀ," ಅಂದರು. "ನಾಳೆಯಿಂದ ಇದೇ ಅಚ್ಚು. ಪೇಟೆಂಟ್ ಅರ್ಜೀನ ನಿಮ್ಮ ಹೆಸರಲ್ಲೇ ಹಾಕಿಸ್ತೀನಿ."

ಗುಮಾಸ್ತರು ಪೆಟ್ಟಿಗೆ ಇಸಿದುಕೊಂಡು ಲೇಬಲ್ಲಿನ ಮೇಲೆ ಹೆಬ್ಬೆರಳೊತ್ತಿ ಹಿಡಿದರು. ನೀರು ತಾಗಿದ ಅದರ ಮೂಲೆಯೊಂದು, ಯಾರನ್ನೂ ಕೇಳದೆ, ಮೆಲ್ಲಗೆ ಮೇಲೇಳುತ್ತಿತ್ತು.