ಸದ್ದಾಗದ ಹಪ್ಪಳ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಯುದ್ಧ, ರಾಜನೀತಿ ಇವೆಲ್ಲ ತಿಳಿದವರು ಬರೆಯಬೇಕಾದ ಸಂಗತಿಗಳು. ಈ ಕಥೆಯಲ್ಲಿ ಹಪ್ಪಳದ ವಿಚಾರವೇ ಹೆಚ್ಚು. ಪತ್ರಿಕೆಯಲ್ಲಿ ಇದಕ್ಕೆ ಜಾಗ ಕೊಡುವುದು ಸರಿಯೇ ಎಂಬ ಅನುಮಾನ ಬರೆಯುವ ಕೈಗೇ ಇದೆ. ಹೇಳದೆ ಇರುವುದು ಇನ್ನೂ ತಪ್ಪೆನಿಸಿದ್ದರಿಂದ ಹೇಳುತ್ತಿದ್ದೇನೆ, ಓದುಗರು ಸಹಿಸಿಕೊಳ್ಳಬೇಕು.

ಬಹಳ ಹಿಂದೆ, ಮೈಕು ಬಂದಿದ್ದರೂ ಅದನ್ನು ಆಫ್ ಮಾಡುವುದು ಯಾರಿಗೂ ಗೊತ್ತಿಲ್ಲದಿದ್ದ ಕಾಲದಲ್ಲಿ, ಪಡುವಗಿರಿ ಎಂಬ ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಪ್ರಚಂಡಮಕುಟನು ಆಳುತ್ತಿದ್ದನು. ರಾಜ್ಯದ ಪೂರ್ವಕ್ಕೆ ಒಂದು ಹೊಳೆ, ಹೊಳೆಗೆ ಒಂದು ಸೇತುವೆ, ಸೇತುವೆಯಾಚೆ ಮೂಡಗಿರಿ ಎಂಬ ಇನ್ನೊಂದು ರಾಜ್ಯ. ಎರಡೂ ದಡದವರು ಹೆಣ್ಣು ಕೊಟ್ಟು ಹೆಣ್ಣು ತಂದು, ಮದುವೆಯಲ್ಲಿ ಊಟದ ಪಂಕ್ತಿಗಾಗಿ ಜಗಳವಾಡಿ, ಮತ್ತೆ ಹಬ್ಬಕ್ಕೆ ಕರೆದುಕೊಂಡು, ಸುಖವಾಗಿದ್ದರು.

ಪಡುವಗಿರಿಯ ಎರಡು ಪದ್ಧತಿಗಳನ್ನು ಇಲ್ಲಿ ಹೇಳಬೇಕು. ಮಹಾರಾಜನ ಅಜ್ಜ ಮಾಡಿಟ್ಟ ಕಾನೂನಿನಂತೆ, ಪ್ರಜೆಗಳು ಒಂದೆಡೆ ಸೇರಿ ಒಪ್ಪಿಗೆ ಕೊಡದೆ ರಾಜನು ಯುದ್ಧ ಹೂಡುವಂತಿರಲಿಲ್ಲ. ಎರಡನೆಯದು ಕಾನೂನಲ್ಲ, ಅದಕ್ಕಿಂತ ಗಟ್ಟಿಯಾದದ್ದು. ನಾಮಕರಣವಿರಲಿ ತಿಥಿಯಿರಲಿ, ಮುಖ್ಯ ಅತಿಥಿಯಿಲ್ಲದೆ ಅಲ್ಲಿ ನಾಲ್ಕು ಜನ ಸೇರುತ್ತಿರಲಿಲ್ಲ. ಸೇರಿದವರು, ಮುಖ್ಯ ಅತಿಥಿ ಮಾತಿನ ನಡುವೆ ಉಸಿರೆಳೆದುಕೊಂಡಲ್ಲೆಲ್ಲ ಚಪ್ಪಾಳೆ ತಟ್ಟದೆ ಬಿಡುತ್ತಿರಲಿಲ್ಲ.

ಸೇತುವೆಯ ಹತ್ತಿರದ ಕೇರಿಯಲ್ಲಿ ಸಾಕಮ್ಮ ಎಂಬಾಕೆ ಹಪ್ಪಳ ಮಾಡಿ ಬದುಕುತ್ತಿದ್ದಳು. ಒಬ್ಬಳೇ ಮಗಳು ಚೆಲುವಿಯನ್ನು ಮೂಡಗಿರಿಗೆ ಕೊಟ್ಟಿದ್ದಳು. ಚೆಲುವಿ ಈಗ ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. “ಅಮಾಸೆ ಕಳೀಲಿ, ಆಮೇಲೆ ಕಳಿಸ್ತೀವಿ” ಎಂದು ಬೀಗಿತಿ ಹೇಳಿಕಳಿಸಿದ್ದಳು. ಸಾಕಮ್ಮ ಹರಳೆಣ್ಣೆ, ಸೀಗೆಪುಡಿ, ಹಳೇ ಸೀರೆಯ ಮೆತ್ತನೆ ತುಂಡುಗಳನ್ನೆಲ್ಲ ಜೋಡಿಸಿಟ್ಟು ದಾರಿ ನೋಡುತ್ತಿದ್ದಳು.

ಹೀಗಿರಲು ಅರಮನೆಯ ಉಗ್ರಾಣಾಧಿಕಾರಿ ರಾಚಯ್ಯ, ಸಾಕಮ್ಮ ಸೇರಿದ್ದ ಹಪ್ಪಳದ ಮಹಿಳಾ ಸಂಘಕ್ಕೆ ದೊಡ್ಡ ಆರ್ಡರು ತಂದ.

“ಆರು ತಿಂಗಳು ಕೆಡಬಾರದು ಕಣಮ್ಮ. ಮತ್ತೆ, ಅಗಿದ್ರೆ ಸದ್ದು ಬರಬಾರದು.”

“ಸದ್ದು ಬರ್ದೇ ಇದ್ರೆ ಅದನ್ನ ಹಪ್ಪಳ ಅಂತಾರಾ ಸ್ವಾಮಿ? ಮೆತ್ತಗಾಗೈತೆ ಅಂತ ಎಸೀತಾರೆ,” ಎಂದಳು ಸಾಕಮ್ಮ.

“ಅದೆಲ್ಲ ಸ್ಪೆಸಿಫಿಕೇಶನ್ನು. ಮೇಲಿಂದ ಬಂದಿರೋದು.”

“ಅರಮನೇಲಿ ಯಾರಾದ್ರೂ ಮಲಗಿರ್ತಾರಾ?”

“ಅರಮನೇಲಿ ಯಾರು ತಿಂತಾರೆ ಇದನ್ನ. ಕತ್ತಲಲ್ಲಿ ಬಂಡೆ ಹಿಂದೆ ಕೂತು ಅಗಿಯೋರಿಗೆ. ಹೊಳೆ ಆಚೆಯವರಿಗೆ ಕೇಳಿಸಬಾರದಲ್ಲ,” ಎಂದ ರಾಚಯ್ಯ. ಎಂದವನೇ, ತಾನು ಹೇಳಬಾರದ್ದನ್ನು ಹೇಳಿದೆನೆಂದು ತಿಳಿದು, ಛತ್ರಿಯನ್ನು ಅಲ್ಲೇ ಮರೆತು ಹೋದ.

ಸಾಕಮ್ಮ ಹೊಳೆಯ ಕಡೆ ತಿರುಗಿ ನೋಡಿದಳು. ಯುದ್ಧವೆಂದರೆ ಮೊದಲು ಮುಚ್ಚುವುದು ಸೇತುವೆ.

ಅಂದು ಸಂಜೆಯೇ ಸಂಘದ ಹೆಂಗಸರು ಸೇರಿದರು. ಕಾರ್ಯದರ್ಶಿ ವಿಶಾಲಾಕ್ಷಮ್ಮ ಓದು ಬಲ್ಲವರು. ಅರಮನೆಯಿಂದ ಹಂಚಿದ್ದ ‘ಪದೇ ಪದೇ ಕೇಳಲಾಗುವ ಪ್ರಶ್ನೆಗಳು’ ಎಂಬ ಕರಪತ್ರವನ್ನು ಹುಡುಕಿ ತಂದು ಓದಿದರು. “ಪ್ರಶ್ನೆ: ಯುದ್ಧ ಆಗುತ್ತದೆಯೆ? ಉತ್ತರ: ಇಲ್ಲ. ಆದ ನಂತರ ತಿಳಿಸಲಾಗುವುದು. ಪ್ರಶ್ನೆ: ಆಗುವುದಾದರೆ ಕಾರಣವೇನು? ಉತ್ತರ: ಸೂರ್ಯನು ಮೊದಲು ಮೂಡಗಿರಿಯಲ್ಲಿ ಹುಟ್ಟಿ, ಆ ಜನರು ಬಳಸಿದ ಮೇಲೆ ನಮ್ಮಲ್ಲಿಗೆ ಬರುತ್ತಾನೆ. ಸೆಕೆಂಡ್ ಹ್ಯಾಂಡ್ ಬಿಸಿಲಿನಲ್ಲಿ ಮಹಾರಾಜರ ಕಿರೀಟಕ್ಕೆ ತಕ್ಕಷ್ಟು ಹೊಳಪು ಬರುತ್ತಿಲ್ಲವೆಂದು ತಜ್ಞರ ಸಮಿತಿಯು ವರದಿ ನೀಡಿರುತ್ತದೆ.”

ವಿಶಾಲಾಕ್ಷಮ್ಮ ಕರಪತ್ರವನ್ನು ಮಡಿಸಿಟ್ಟರು.

“ನಮ್ ಹಪ್ಪಳ ಆ ಬಿಸಿಲಲ್ಲೇ ಒಣಗ್ತಾವಲ್ಲ,” ಎಂದಳು ಸಾಕಮ್ಮ.

“ಕಿರೀಟನೂ ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಹೊಳೀತದೆ,” ಎಂದಳು ಬೋರಮ್ಮ. ಸಂಘದಲ್ಲಿ ಹಿಟ್ಟು ನಾದುವ ಕೆಲಸ ಅವಳದು. ತೋಳೂ ದೊಡ್ಡದು, ಬಾಯಿಯೂ ದೊಡ್ಡದು. “ನಾನೊಂದು ಹೇಳ್ಲಾ? ಕಟಕಟ ಅನ್ನೋ ಹಪ್ಪಳನೇ ಮಾಡಿ ಕಳಿಸ್ಬಿಡಾಣ. ಒಂದು ಕಡಿದ್ರೆ ಮೂರು ಊರಿಗೆ ಕೇಳಿಸ್ಬೇಕು. ಅದೆಂಗೆ ಬಂಡೆ ಹಿಂದೆ ಕೂರ್ತಾರೋ ನೋಡೇಬಿಡಾಣ.”

ಹೆಂಗಸರು ನಕ್ಕರು. ಸಾಕಮ್ಮನಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಅಮಾವಾಸ್ಯೆ ಕಳೆಯುವಷ್ಟು ಕಾಲ ದಂಡು ನಿಂತರೆ ಸಾಕಿತ್ತು ಅವಳಿಗೆ. ಆದರೆ ವಿಶಾಲಾಕ್ಷಮ್ಮ ಕನ್ನಡಕ ತೆಗೆದರು.

“ಕಳ್ಳದಾರಿ ಬೇಡ ಬೋರಮ್ಮ. ಕಾನೂನು ನಮ್ಮ ಕಡೆಗಿದೆ. ಜನ ಸೇರಿ ಬೇಡ ಅಂದ್ರೆ ಮುಗೀತು. ಯುದ್ಧವಿರೋಧಿ ಬೃಹತ್ ಸಮಾವೇಶ ಮಾಡೋಣ. ಕ್ರಮವಾಗಿ.”

ಕ್ರಮವೆಂದ ಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಶಾಲು, ಪೇಟ ಎಲ್ಲ ಬೇಕು. ಮುಖ್ಯ ಅತಿಥಿಯೂ ಬೇಕು. ಆಸ್ಥಾನಕವಿಗೆ ಆ ವಾರ ಗಂಟಲು ನೋವು. ಅರಮನೆಯ ವೈದ್ಯರು ಸಭೆಯ ವಿಷಯ ಕೇಳಿ ತಮಗೂ ಗಂಟಲು ನೋವೆಂದರು. ಬಿಡುವಾಗಿದ್ದವರು ಒಬ್ಬರೇ, ಯುದ್ಧಮಂತ್ರಿ ಘೋಷವರ್ಧನರು. ಅವರು ಕರೆದಲ್ಲಿಗೆಲ್ಲ ಬರುವ ಸರಳಜೀವಿ. ಅಮಾವಾಸ್ಯೆಯ ಹಿಂದಿನ ದಿನ ಬರುವುದಾಗಿ ಒಪ್ಪಿದರು.

“ಯುದ್ಧ ಬ್ಯಾಡ ಅನ್ನೋಕೆ ಯುದ್ಧಮಂತ್ರೀನಾ ಅಕ್ಕಾ?” ಸಾಕಮ್ಮ ಕೇಳಿದಳು.

“ಅದೇ ಒಳ್ಳೇದಲ್ವಾ. ಎದುರಿಗೇ ಹೇಳಬಹುದು. ವಂದನಾರ್ಪಣೆ ನಿಂದು. ಆಗ ನಿರ್ಣಯ ಹೇಳಿಬಿಡು. ವಂದನಾರ್ಪಣೆ ಆಗೋವರೆಗೂ ಕಾಫಿ ಕೊಡಲ್ಲ, ಯಾರೂ ಎದ್ದು ಹೋಗಲ್ಲ.”

ಸಾಕಮ್ಮ ಅರಮನೆಯ ಸದ್ದಾಗದ ಹಪ್ಪಳ ಲಟ್ಟಿಸುತ್ತ ನಿರ್ಣಯದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಳು.

ಸಮಾವೇಶಕ್ಕೆ ಜನ ಕಿಕ್ಕಿರಿದು ಬಂದರು. ಪಡುವಗಿರಿಯ ಚರಿತ್ರೆಯಲ್ಲಿ ಅಷ್ಟು ಪ್ರಜೆಗಳು ಒಂದೆಡೆ ಸೇರಿದ್ದೇ ಇಲ್ಲವೆಂದು ವಿಶಾಲಾಕ್ಷಮ್ಮ ಹೆಮ್ಮೆಪಟ್ಟರು. ಮಂತ್ರಿಗಳೂ ಹಾಗೆಯೇ ಹೆಮ್ಮೆಪಟ್ಟರು. ಹಾರ, ಶಾಲು, ಪೇಟಗಳಿಂದ ಸಂಪನ್ನರಾಗಿ ಎದ್ದು ನಿಂತರು.

“ಯುದ್ಧ ಕೆಟ್ಟದ್ದು,” ಎಂದು ಉಸಿರೆಳೆದುಕೊಂಡರು. ಚಪ್ಪಾಳೆ.

“ನಾನಾಗಿ ಕೇಳಿದ ಖಾತೆಯಲ್ಲ ಇದು. ಕೊಟ್ಟರು, ಹೊತ್ತೆ.” ಚಪ್ಪಾಳೆ, ಒಂದಷ್ಟು ನಗು.

“ನಮಗೆ ಬೇಕಾಗಿರುವುದು ಶಾಂತಿ.” ದೀರ್ಘ ಚಪ್ಪಾಳೆ.

“ಬಳಸಿದ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಶಾಂತಿ ಎಲ್ಲಿಂದ ಬರಬೇಕು?” ಯಾರಿಗೂ ಅರ್ಥವಾಗಲಿಲ್ಲ. ಆದರೆ ಉಸಿರೆಳೆದುಕೊಂಡಿದ್ದರು. ಚಪ್ಪಾಳೆ.

“ಆದ್ದರಿಂದ ಹೊಳೆ ದಾಟಿ ಹೋಗಿ ಆ ಶಾಂತಿಯನ್ನು ನಾವೇ ತರೋಣ. ಒಪ್ಪಿಗೆಯೇ?” ಎಂದು ನಿಲ್ಲಿಸಿ, ನೀರು ಕುಡಿದರು.

ಇಡೀ ಪೆಂಡಾಲು ಗುಡುಗಿತು. ವಿಶಾಲಾಕ್ಷಮ್ಮ ತಟ್ಟಿದರು. ಬೋರಮ್ಮ ತಟ್ಟಿದಳು. ಸಾಕಮ್ಮ ಮನಸ್ಸಿನಲ್ಲೇ ತನ್ನ ನಿರ್ಣಯವನ್ನು ಹೇಳಿಕೊಳ್ಳುತ್ತಿದ್ದವಳು, ನೋಡುತ್ತಾಳೆ, ತನ್ನ ಎರಡು ಕೈಗಳೂ ತಟ್ಟುತ್ತಿವೆ. ಅವನ್ನು ಮಡಿಲಲ್ಲಿ ಒತ್ತಿ ಹಿಡಿದುಕೊಂಡಳು. ವೇದಿಕೆಯ ಹಿಂದಿನಿಂದ ಒಬ್ಬ ಸವಾರ ಹೊಳೆಯ ಕಡೆಗೆ ಕುದುರೆ ಓಡಿಸಿದ.

ಅವಳ ಸರದಿ ಬಂತು. ಮೈಕಿನ ಮುಂದೆ ನಿಂತಾಗ ಬಾಯಿಪಾಠವೆಲ್ಲ ಹೋಗಿ, ಬೇರೆಯೇ ಮಾತು ಬಂತು.

“ಮುಖ್ಯ ಅತಿಥಿಗಳಿಗೆ ವಂದನೆ. ಯುದ್ಧ ಬ್ಯಾಡ ಸ್ವಾಮಿ, ಅದನ್ನ ಹೇಳಕ್ಕೇ ನಾವು ಸೇರಿದ್ದು. ನನ್ ಮಗಳು ಆಚೆ ದಡದಲ್ಲವಳೆ. ಹೆರಿಗೆಗೆ ಬರ್ಬೇಕು. ಅಮಾಸೆ ಕಳೆಯೋಗಂಟ ಸೇತುವೆ ಮುಚ್ಚಬ್ಯಾಡಿ.”

ಮಂತ್ರಿಗಳು ಬಹಳ ಮೃದುವಾಗಿ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ತಾಯಿ, ನನ್ನ ಕೈಲಿದ್ದಿದ್ದರೆ ಮುಚ್ಚಿಸುತ್ತಲೇ ಇರಲಿಲ್ಲ. ಈಗತಾನೆ ಜನ ಸೇರಿ ಒಪ್ಪಿಗೆ ಕೊಟ್ಟರಲ್ಲ. ಇಷ್ಟು ಹೊತ್ತಿಗೆ ಮುಚ್ಚಿರುತ್ತಾರೆ. ಪ್ರಜೆಗಳ ಆಜ್ಞೆ ಮೀರಲು ನಾನ್ಯಾರು?” ಎಂದು ಉಸಿರೆಳೆದುಕೊಂಡರು.

ಹಿಂದಿನ ಸಾಲಿನಲ್ಲಿ ಯಾರೋ ಇಬ್ಬರು ತಟ್ಟಲು ಶುರುಮಾಡಿ, ನಿಲ್ಲಿಸಿದರು. ಆಮೇಲೆ ಕಾಫಿ ಕೊಟ್ಟರು.

ಮುಂದಿನದು ಚರಿತ್ರೆ. ಪಡುವಗಿರಿಯ ದಂಡು ಸೂರ್ಯ ಹುಟ್ಟುವ ಜಾಗವನ್ನು ಗೆಲ್ಲಲು ಮೂಡಗಿರಿಯ ಪೂರ್ವದ ಗಡಿಯವರೆಗೂ ಹೋಯಿತು. ಅಲ್ಲಿ ನಿಂತು ನೋಡಿದರೆ ಸೂರ್ಯನು ಅಲ್ಲಿಂದಲೂ ಇನ್ನಷ್ಟು ಪೂರ್ವದಲ್ಲಿ ಹುಟ್ಟುತ್ತಿದ್ದನು. ಶತ್ರುವು ಹಿಮ್ಮೆಟ್ಟಿರುವನೆಂದು ವಿಜಯ ಘೋಷಣೆಯಾಯಿತು. ಮಹಾರಾಜನಿಗೆ ‘ಸೂರ್ಯವಿದ್ರಾವಣ’, ಎಂದರೆ ಸೂರ್ಯನನ್ನೇ ಓಡಿಸಿದವನು, ಎಂಬ ಬಿರುದನ್ನೂ ಇನ್ನೊಂದು ಕಿರೀಟವನ್ನೂ ಅರ್ಪಿಸಲಾಯಿತು. ಕಿರೀಟದ ಖರ್ಚಿಗೆ ಅಂಗಳಗಳ ಮೇಲೆ ಬಿಸಿಲು ಸೆಸ್ ಬಂತು. ಮನೆಮನೆಯಿಂದ ಹೋದ ಗಂಡುಮಕ್ಕಳಲ್ಲಿ ಕೆಲವರು ಬಂದರು. ಹಪ್ಪಳದ ಸಂಘಕ್ಕೆ ಆ ವರ್ಷದ ಶಾಂತಿ ಪ್ರಶಸ್ತಿ ಕೊಟ್ಟರು. ಫಲಕದಲ್ಲಿ, ತಾಯಂದಿರ ಒತ್ತಾಯದ ಮೇರೆಗೆ ಯುದ್ಧ ಹೂಡಲಾಯಿತೆಂದು ಕೆತ್ತಿದ್ದಾರೆ.

ಸೇತುವೆ ಆ ರಾಜನ ಕಾಲದಲ್ಲಿ ಮತ್ತೆ ತೆರೆಯಲಿಲ್ಲ. ಸಾಕಮ್ಮ ದಿನಾ ಹೊಳೆಯ ದಡಕ್ಕೆ ಹೋಗಿ, ಆಚೆ ಬಟ್ಟೆ ಒಗೆಯುವವರನ್ನು ಕೂಗಿ ಕೇಳುತ್ತಿದ್ದಳಂತೆ. ಗಾಳಿಗೆ ಮಾತು ಒಡೆದುಹೋಗುತ್ತಿತ್ತು. ಅವರೂ ಏನೋ ಕೂಗುತ್ತಿದ್ದರು. ಚೆಲುವಿಗೆ ಹೆರಿಗೆ ಹೇಗಾಯಿತು, ಮಗು ಗಂಡೋ ಹೆಣ್ಣೋ, ತಾಯಿ ಮಗು ಉಳಿದರೋ ಇಲ್ಲವೋ, ಎಷ್ಟು ಕೇಳಿದರೂ ನನಗೆ ತಿಳಿದುಬಂದಿಲ್ಲ.