ನೀರು ಹಾಕಬೇಕಿಲ್ಲದ ಪೆಟ್ಟಿಗೆ

ಶಿವರಾತ್ರಿ ಕಳೆದ ವಾರ ನಾನು ನಮ್ಮತ್ತೆಗೆ ಫೋನು ಮಾಡಿ, "ಅತ್ತೆ, ಇನ್ಮೇಲೆ ತರಕಾರಿ ಕಳಿಸ್ಬೇಡಿ" ಎಂದು ಘೋಷಿಸಿದೆ.

ಅತ್ತೆ ಇರುವುದು ನಮ್ಮ ತಾಲ್ಲೂಕಿನದೇ ಹಳ್ಳಿ ಮಧುರೆಯಲ್ಲಿ. ಅಲ್ಲಿಂದ ಪ್ರತಿ ಭಾನುವಾರ ಒಂದು ಚೀಲ ಹುರುಳಿಕಾಯಿ, ಬೆಂಡೆಕಾಯಿ, ಸೊಪ್ಪು ಬಸ್ಸು ಹತ್ತಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬರುತ್ತಿತ್ತು. ಅತ್ತೆಯ ಮನೆಯಲ್ಲಿ ಎಲ್ಲರಿಗೂ ಬೇಸಾಯ ಗೊತ್ತು, ಕಾನ್ವೆಂಟಿನಲ್ಲಿ ಓದಿ ಬಂದ ಸೊಸೆಯೊಬ್ಬಳನ್ನು ಬಿಟ್ಟು. ಮದುವೆಯಾದ ಹೊಸದರಲ್ಲಿ ನನ್ನನ್ನು ಒಮ್ಮೆ ಕಳೆ ಕೀಳಲು ಕರೆದಿದ್ದರು. ನಾನು ಕೊತ್ತಂಬರಿಯನ್ನೆಲ್ಲ ಕಿತ್ತು, ಕಳೆಯನ್ನು ಅಚ್ಚುಕಟ್ಟಾಗಿ ಸಾಲಿನಲ್ಲಿ ಉಳಿಸಿದ್ದೆ. ಮತ್ತೆ ಕರೆಯಲಿಲ್ಲ.

"ಯಾಕವ್ವ, ಕಾಯಲ್ಲಿ ಹುಳ ಇತ್ತಾ?" ಎಂದರು ಅತ್ತೆ.

"ಇಲ್ಲ ಅತ್ತೆ. ತಾರಸಿ ಮೇಲೆ ನಾನೇ ಬೆಳೀತಿದ್ದೀನಿ. ಯುಗಾದಿ ಆಗಿ ಹದಿನೈದು ದಿನಕ್ಕೆ ಬನ್ನಿ, ನನ್ನ ಹುರುಳಿಕಾಯಿ ಪಲ್ಯ ಬಡಿಸ್ತೀನಿ."

"ಆಗ್ಲಿ ಕಣವ್ವ" ಎಂದರು ಅತ್ತೆ. ಕಾಯಿಲೆಯವರಿಗೆ ಹೇಳುವ ದನಿಯಲ್ಲಿ.

ನನ್ನ ಧೈರ್ಯಕ್ಕೆ ಆಧಾರವಿತ್ತು. ಸೊಂಟದೆತ್ತರದ ಎರಡು ಮರದ ಪೆಟ್ಟಿಗೆಗಳನ್ನು ತರಿಸಿದ್ದೆ. ಮೇಲೆ ಮಣ್ಣು, ಅಡಿಯಲ್ಲಿ ನೀರಿನ ತೊಟ್ಟಿ, ನಡುವೆ ಬಟ್ಟೆಯ ಬತ್ತಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ತಾನೇ ನೀರು ಹೀರಿಕೊಳ್ಳುತ್ತದೆ. ಮೂಲೆಯ ಕೊಳವೆಯಲ್ಲಿ ವಾರಕ್ಕೊಮ್ಮೆ ನೀರು ತುಂಬಿದರೆ ಮುಗಿಯಿತು. ಹೆಚ್ಚಾದ ನೀರು ಪಕ್ಕದ ತೂತಿನಿಂದ ಹೊರಗೆ ಹೋಗುತ್ತದೆ. ಜೊತೆಗೆ ಇಂಗ್ಲಿಷಿನ ಕೈಪಿಡಿ ಬೇರೆ! ಸಿಸ್ಟರುಗಳು ಕಲಿಸಿದಂತೆ ಪೆನ್ಸಿಲು, ಸ್ಕೇಲು ಹಿಡಿದು ಕುಳಿತೆ. ಮುಖ್ಯವಾದ ವಾಕ್ಯಗಳಿಗೆಲ್ಲ ನೆಟ್ಟಗೆ ಅಡಿಗೆರೆ ಎಳೆದೆ.

ಬಿತ್ತಿದ ಏಳನೇ ದಿನ ಹುರುಳಿಕಾಯಿ ಮೊಳಕೆಗಳು ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆಯ ಮೇಲಿಟ್ಟುಕೊಂಡು ಎದ್ದವು. ಬೆಂಡೆ, ಟೊಮೆಟೊ ಹಿಂದೆಯೇ ಬಂದವು. ನಾನು ಮನೆಯವರಿಗೆ ಕಟ್ಟುನಿಟ್ಟಾಗಿ ಹೇಳಿದೆ: "ಯಾರೂ ನೀರು ಹಾಕ್ಬಾರ್ದು. ಇದಕ್ಕೆ ನೀರು ಹಾಕೋದು ಇದಕ್ಕೇ ಗೊತ್ತು."

"ಬಿಸಿಲು ನೋಡೇ ಹೆಂಗೈತೆ" ಎಂದರು ನಮ್ಮ ಯಜಮಾನರು.

"ರೀ, ಕೈಪಿಡೀಲಿ ಬರೆದಿದೆ!"

ಅವರು ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿದರೆಂದು ನಾನು ಈ ವಯಸ್ಸಿನಲ್ಲೂ ನಂಬುತ್ತೇನೆ.

ಮೊದಲ ತಕರಾರು ಬಂದದ್ದು ಪಕ್ಕದ ಮನೆಯ ಲಲಿತಕ್ಕನಿಂದ. ಅವರ ಮನೆಯಲ್ಲಿ ಮಗ್ಗ ಇದೆ, ಹಗಲೆಲ್ಲ ಟಕಟಕ ಸದ್ದು. ಅವರ ತಾರಸಿ ನಮ್ಮದಕ್ಕಿಂತ ಮೂರಡಿ ತಗ್ಗು. ನನ್ನ ಪೆಟ್ಟಿಗೆಗಳು ಅಡ್ಡಗೋಡೆಯಿಲ್ಲದ ಆ ಅಂಚಿಗೇ, ತೂತು ಅವರ ಕಡೆಗಿರುವಂತೆ ಇದ್ದವು.

"ಏನಮ್ಮ ಶೀಲಾ, ನಿನ್ ಪೆಟ್ಟಿಗೆ ಸೋರ್ತೈತಲ್ಲ! ನಮ್ ಗೋಡೆ ಮೇಲೆ ಕರೆ ಆಗೋಗೈತೆ."

ನಾಚಿಕೆಯಾಯಿತು. ನಮ್ಮೂರಿನಲ್ಲಿ ನಲ್ಲಿ ನೀರು ಬರುವ ದಿನ ಬಿಂದಿಗೆ, ಬಕೆಟ್ಟು, ಡ್ರಮ್ಮು ಎಲ್ಲ ತುಂಬಿಸಿಕೊಳ್ಳುವವರು ನಾವು. ಸೋರುವ ತೂತು ಕಂಡರೆ ಮುಚ್ಚುವುದು ಹೆಂಗಸರಿಗೆ ಅಭ್ಯಾಸ. ಹಳೇ ಸೀರೆಯ ಚೂರು ಸುತ್ತಿ ಎರಡು ಬಿರಡೆ ಮಾಡಿ, ಎರಡೂ ತೂತುಗಳಿಗೆ ಬಿಗಿಯಾಗಿ ಜಡಿದೆ. ಒಂದು ಹನಿ ಕೂಡ ಬರಲಿಲ್ಲ. ನನ್ನ ಕೈಗುಣಕ್ಕೆ ನಾನೇ ಮೆಚ್ಚಿದೆ.

ಹತ್ತು ದಿನಕ್ಕೆ ಎಲೆಗಳು ಹಳದಿಯಾದವು. ಬಾಯಾರಿಕೆ ಇರಬೇಕೆಂದು ಕೊಳವೆಗೆ ಒಂದು ಕೊಡ ಹೆಚ್ಚಿಗೆ ಸುರಿದೆ. ಮರುದಿನ ಟೊಮೆಟೊ ತಲೆಬಾಗಿತು. ಇನ್ನೊಂದು ಕೊಡ ಸುರಿದೆ. ಬೆಂಡೆ ಮಲಗಿತು. ಕೊಳವೆಯಿಂದ ಸೊಳ್ಳೆಗಳು ಮಾತ್ರ ಆರೋಗ್ಯವಾಗಿ ಹೊರಬರುತ್ತಿದ್ದವು.

ಹೀಗಿರುವಾಗ ಅತ್ತೆ ಬಂದರು. ಕಾಲು ತೊಳೆದವರೇ ನೇರ ತಾರಸಿ ಹತ್ತಿದರು. ಹಿಂದೆ ಯಜಮಾನರು, ಅವರ ಹಿಂದೆ ತೀರ್ಪಿಗೆ ಕಾದ ಆರೋಪಿಯಂತೆ ನಾನು. ಅತ್ತೆ ಮಣ್ಣಿಗೆ ಬೆರಳು ಚುಚ್ಚಿದರು. ಬೆರಳು ಬುಡದವರೆಗೆ ಇಳಿಯಿತು. ಮೂಸಿ ನೋಡಿ ಮುಖ ಸಿಂಡರಿಸಿದರು.

"ಇದೇನವ್ವ, ತರಕಾರಿ ಹಾಕಿದ್ದೀಯೋ, ಭತ್ತ ನಾಟಿ ಮಾಡಿದ್ದೀಯೋ? ಬೇರುಗಳೆಲ್ಲ ಕೊಳೆತೋಗವೆ."

"ನೀರೇ ಸಾಲ್ತಿಲ್ಲ ಅಂತ ನಾನು..."

ಅಷ್ಟರಲ್ಲಿ ಅವರ ಕಣ್ಣು ಬಿರಡೆಯ ಮೇಲೆ ಬಿತ್ತು. "ಇದ್ಯಾಕೆ ಸೀರೆ ಉಟ್ಟೈತೆ?" ಎಂದು ಬಗ್ಗಿ ಎಳೆದರು. ಬಿಗಿಯಾಗಿತ್ತು. ಎರಡೂ ಕೈಯಲ್ಲಿ ಎಳೆದರು.

ಬಂತು! ಇಷ್ಟು ದಿನ ಕಟ್ಟಿಕೊಂಡಿದ್ದ ಕೊಳೆತ ನೀರು ತೋಳು ಗಾತ್ರಕ್ಕೆ ಚಿಮ್ಮಿ ಲಲಿತಕ್ಕನ ತಾರಸಿಗೆ ಧುಮುಕಿತು. ಅಲ್ಲಿ ಬಿಳಿ ಪಂಚೆಯ ಮೇಲೆ, ಬೆಳಗ್ಗೆಯಷ್ಟೇ ಇಟ್ಟ ಇಡೀ ವರ್ಷದ ಅಕ್ಕಿ ಸಂಡಿಗೆ ಒಣಗುತ್ತಿತ್ತು.

"ಅಯ್ಯೋ, ನನ್ ಸಂಡಿಗೆ!" ಲಲಿತಕ್ಕ ಓಡಿಬರುವ ಹೊತ್ತಿಗೆ ಸಂಡಿಗೆಗಳು ಈಜುತ್ತಿದ್ದವು.

"ಇಷ್ಟೊಂದು ನೀರು ಎಲ್ಲಿಂದ ಬಂತು? ನಾನು ಇಷ್ಟು ಹಾಕೇ ಇಲ್ಲ!" ಎಂದೆ ನಾನು, ಅಳುವ ದನಿಯಲ್ಲಿ.

ಯಜಮಾನರು ಕೆಮ್ಮಿದರು. "ದಿನಾ ಸ್ನಾನ ಆದ್ಮೇಲೆ ಒಂದ್ ಚೊಂಬು ಹಾಕ್ತಿದ್ದೆ ಕಣೇ. ಮೇಲೆಲ್ಲ ಒಣಗಿತ್ತು, ಪಾಪ ಅನ್ನಿಸ್ತು."

ಕೆಳಗಡೆ ಲಲಿತಕ್ಕನ ಕೂಗು ತಟ್ಟನೆ ತಗ್ಗಿತು. "ನಾನೂ ಸಂಜೆ ಹೊತ್ತು ಅಕ್ಕಿ ತೊಳೆದ ನೀರು ಎತ್ತಿ ಹುಯ್ತಿದ್ನಮ್ಮ. ಗಿಡಕ್ಕೆ ಒಳ್ಳೇದಲ್ವಾ?"

ಅವರ ಅಕ್ಕಿಯ ನೀರು ಅವರ ಅಕ್ಕಿ ಸಂಡಿಗೆಗೇ ಮರಳಿತ್ತು! ಅದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ.

ಕೆಳಗಿಳಿದು ಕೈಪಿಡಿ ತೆರೆದೆ. ನಾಲ್ಕನೇ ಪುಟದಲ್ಲಿತ್ತು: ಪಕ್ಕದ ತೂತನ್ನು ಯಾವ ಕಾರಣಕ್ಕೂ ಮುಚ್ಚಬಾರದು. ಅದರ ಕೆಳಗೆ ನನ್ನದೇ ಅಡಿಗೆರೆ. ಎಷ್ಟು ನೆಟ್ಟಗಿತ್ತೆಂದರೆ, ಸಿಸ್ಟರು ನೋಡಿದ್ದರೆ ಸಂತೋಷಪಡುತ್ತಿದ್ದರು.

ಮಧ್ಯಾಹ್ನದ ಅಡುಗೆಗೆ ಏನು ಮಾಡುವುದೆಂದು ನಿಂತಿದ್ದಾಗ ಅತ್ತೆ, "ಬಾಗಿಲ ಹಿಂದೆ ನೋಡವ್ವ" ಎಂದರು. ಅಲ್ಲಿ ಚೀಲವಿತ್ತು. ಭಾನುವಾರದ ಅದೇ ಚೀಲ.

"ಬೇಡ ಅಂದಿದ್ನಲ್ಲ ಅತ್ತೆ?"

"ಅಂದಿದ್ದೆ ಕಣವ್ವ" ಎಂದಷ್ಟೇ ಹೇಳಿ ಎಲೆಯಡಿಕೆಯ ಸಂಚಿ ಬಿಚ್ಚಿದರು.

ಕೊಟ್ಟ ಮಾತಿನಂತೆ ಹುರುಳಿಕಾಯಿ ಪಲ್ಯ ಬಡಿಸಿದೆ. ಕಾಯಿ ಮಧುರೆಯದು. ಒಗ್ಗರಣೆ ನನ್ನದು.

ಈಗ ಆ ಪೆಟ್ಟಿಗೆಗಳ ಮೇಲೆ ಹಲಗೆ ಹಾಸಿ, ಬಿಳಿ ಪಂಚೆ ಹರಡಿ, ಲಲಿತಕ್ಕನಿಗೆ ತೀರಿಸಬೇಕಾದ ಸಂಡಿಗೆ ಇಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಅಲ್ಲಿಂದ ನನ್ನ ಕೈಗೆ ಬರುವ ಫಸಲು ಅದೊಂದೇ. ಚೆನ್ನಾಗಿಯೇ ಬರುತ್ತಿದೆ. ಅದಕ್ಕೆ ಯಾರೂ ನೀರು ಹಾಕುತ್ತಿಲ್ಲ!