ಕಂಬ ನೋಡುವ ವೈನಿ

ನಮ್ಮ ವೈನಿ ಮದುವೆಗೆ ಹೋದರೆ ಮೊದಲು ನೋಡುವುದು ಮದುಮಗಳನ್ನಲ್ಲ, ಬೀದಿಯ ಕಂಬವನ್ನು. ಕಂಬದಲ್ಲಿ ದೀಪ ಹತ್ತುತ್ತಿದ್ದರೆ ಆ ಮದುವೆ ಒಳ್ಳೆಯದು. ಹತ್ತದಿದ್ದರೆ ಎಲೆಯ ಮೇಲೆ ಹೋಳಿಗೆ ಬಿದ್ದರೂ ಅವರ ಮುಖ ಅರಳುವುದಿಲ್ಲ. ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ. ಹೋದ ವೈಶಾಖದಲ್ಲಿ, ನನ್ನ ಮಗಳ ಮದುವೆಯ ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ, ಬಸವನ ಬಾಗೇವಾಡಿಯ ನಮ್ಮ ಮನೆಯ ಕಟ್ಟೆಯ ಮೇಲೆ, ಬಾಗಿಲಿಗೆ ಬೆನ್ನು ಮಾಡಿ, ಆರತಿ ತಟ್ಟೆ ಹಿಡಿದುಕೊಂಡು ನಾನು ನಿಂತಿದ್ದೆ. ಆರತಿ ತಟ್ಟೆ ಹೆಂಗಸರ ಕೈಯಲ್ಲಿ ಇರಬೇಕಲ್ಲವೇ? ಇರಬೇಕು. ಅದು ನನ್ನ ಕೈಗೆ ಹೇಗೆ ಬಂತೋ ಈಗಲೂ ತಿಳಿಯದು. ಆ ಸಂಜೆಯ ಬಗ್ಗೆ ನಾನು ಖಚಿತವಾಗಿ ಹೇಳಲಾರದ ಸಂಗತಿ ಅದೊಂದೇ. ಉಳಿದದ್ದನ್ನು ಕಂಡಷ್ಟೇ ಹೇಳುತ್ತೇನೆ. ಸರ್ವೇ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತನಾದವನು ನಾನು. ಗಡಿಯಲ್ಲಿ ಇಲ್ಲದ ಬಾಂದುಕಲ್ಲನ್ನು ಇದೆ ಎಂದು ಬರೆದು ಅಭ್ಯಾಸವಿಲ್ಲ.

ಮೊದಲು ವೈನಿ ಯಾರೆಂದು ಹೇಳಬೇಕು. ನನ್ನ ಅಣ್ಣನ ಹೆಂಡತಿ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ಡಾಕ್ಟರಿಕೆ ಓದಿದವರು, ಆದರೆ ಯಾರ ನಾಡಿಯನ್ನೂ ಹಿಡಿಯುವವರಲ್ಲ. ಸಾರ್ವಜನಿಕ ಆರೋಗ್ಯದ ಸಂಶೋಧನೆ ಅವರ ಕೆಲಸ. ಪುಣೆಯಲ್ಲಿ ಕುಳಿತು, ಊರು ಹೇಗಿದ್ದರೆ ಅಲ್ಲಿ ಬಂದೂಕಿನ ಗಾಯ ಹೆಚ್ಚು, ಹೇಗಿದ್ದರೆ ಕಡಿಮೆ ಎಂದು ಹುಡುಕುತ್ತಾರೆ. ಪಾಳು ಬಿದ್ದ ಪ್ಲಾಟು, ಆರಿದ ದೀಪ, ಗಿಡವಿಲ್ಲದ ಓಣಿ, ಕೂರಲು ಜಾಗವಿಲ್ಲದ ಚೌಕ, ಇವೆಲ್ಲ ಅವರಿಗೆ ರೋಗದ ಲಕ್ಷಣಗಳು. ಮಲೇರಿಯಾ ಇಲಾಖೆಯವರು ನಿಂತ ನೀರು ಹುಡುಕಿಕೊಂಡು ಬರುವ ಹಾಗೆ ವೈನಿ ನಿಂತ ಕತ್ತಲೆಯನ್ನು ಹುಡುಕಿಕೊಂಡು ಹೋಗುತ್ತಾರೆ. ಅಣ್ಣ ನೀರಿನ ಬಾಟಲಿ ಹಿಡಿದುಕೊಂಡು ಅವರ ಹಿಂದೆ ಹೋಗುತ್ತಾನೆ.

ನೆಂಟರಿಗೆ ಇದೆಲ್ಲ ಹೇಗೆ ತಿಳಿಯಬೇಕು? ಮನೆಗೆ ಡಾಕ್ಟರ್ ಸೊಸೆ ಬಂದಿದ್ದಾಳೆಂದು ತಾಂಬಾ ಊರಿನ ನಮ್ಮ ಸೋದರತ್ತೆ ಒಮ್ಮೆ ಮೊಣಕಾಲು ಮುಂದೆ ಚಾಚಿ ಕುಳಿತಳು. ವೈನಿ ಮೊಣಕಾಲು ಬಿಟ್ಟು ಕಿಟಕಿಯಾಚೆ ನೋಡುತ್ತ ಕೇಳಿದರು.

"ಅತ್ತಿ, ಸಂಜಿಮುಂದ ನಿಮ್ಮ ಓಣ್ಯಾಗ ಯಾರರ ಹೊರಗ ಕುಂಡ್ರತಾರೇನ್ರಿ?"

"ನೋಯಾಕತ್ತಿದ್ದು ನನ್ನ ಮೊಣಕಾಲ ತಂಗಿ, ಓಣಿ ಅಲ್ಲ."

"ಅದಕ್ಕ ಕೇಳಾಕತ್ತೇನ್ರಿ. ಕುಂಡ್ರಾಕ ಒಂದು ಕಟ್ಟಿ ಐತೋ ಇಲ್ಲೋ?"

ಅತ್ತೆ ಕಾಲು ಮಡಚಿಕೊಂಡು ನನ್ನ ಕಡೆ ತಿರುಗಿದಳು. "ಯಪ್ಪಾ, ಈಕಿ ಖರೇನ ಡಾಕ್ಟರೋ, ಇಲ್ಲಾ ಕಟ್ಟಿ ಕಟ್ಟೋ ಗೌಂಡಿಯೋ?"

ಮಗಳಿಗೆ ವರ ಹುಡುಕುವಾಗ ವೈನಿ ರಜೆ ಹಾಕಿ ಬಂದರು. ಬರಬೇಡಿ ಅನ್ನುವ ಧೈರ್ಯ ನನಗಿರಲಿಲ್ಲ. ಮುದ್ದೇಬಿಹಾಳದಲ್ಲಿ ಒಂದು ಮನೆಗೆ ಹೋದೆವು. ಹುಡುಗ ಕಾಲೇಜಿನಲ್ಲಿ ಪಾಠ ಮಾಡುವವನು, ಶಾಂತ ಸ್ವಭಾವ. ಅವಲಕ್ಕಿ ಬಂತು, ಚಹಾ ಬಂತು. ಹುಡುಗನ ಸಂಬಳ, ಹೊಲ, ಹೊಲಕ್ಕೆ ನೀರು, ಇವನ್ನೆಲ್ಲ ನಾನು ನಾಜೂಕಾಗಿ ಕೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವುದರೊಳಗೆ ವೈನಿ ಕೇಳಿಬಿಟ್ಟರು. "ನಿಮ್ಮ ಮನಿ ಮುಂದಿನ ಕಂಬದಾಗ ಲೈಟ್ ಹತ್ತಿ ಎಷ್ಟು ದಿವಸ ಆತ್ರಿ?"

ಹುಡುಗನ ತಾಯಿಯ ಕಣ್ಣು ಮಿನುಗಿತು. ಒಳಗೆ ಹೋಗಿ ಕರೆಂಟ್ ಬಿಲ್ಲು ತಂದು ವೈನಿಯ ಕೈಗಿಟ್ಟರು. "ನೀವು ಕರೆಂಟ್ ಆಫೀಸಿನವರು ಅಂತ ಮೊದಲ ಹೇಳಬಾರದೇನ್ರೀ ಬಾಯಾರ? ನೋಡ್ರಿ, ಬರೇ ಎರಡು ಬಲ್ಬಿಗೆ ಎಷ್ಟು ಬರದಾರ."

ಆ ಸಂಬಂಧ ಕೂಡಲಿಲ್ಲ. ಬಿಲ್ಲು ಮಾತ್ರ ನಮ್ಮಲ್ಲೇ ಉಳಿಯಿತು.

ಸಿಂದಗಿಯಲ್ಲಿ ಇನ್ನೊಂದು ಮನೆ. ವಿಳಾಸ ಹುಡುಕುತ್ತ ಹೋಗುವಾಗ ವೈನಿ ಕಾಣೆಯಾದರು. ಹಿಂದಿರುಗಿ ನೋಡಿದರೆ ಜಾಲಿಕಂಟಿ ಬೆಳೆದ ಒಂದು ಖಾಲಿ ಪ್ಲಾಟಿನ ನಡುವೆ ಕುಕ್ಕರಗಾಲಲ್ಲಿ ಕುಳಿತು ಸುತ್ತ ನೋಡುತ್ತಿದ್ದಾರೆ. ಇಲ್ಲಿ ಕುಳಿತವನಿಗೆ ಓಣಿ ಕಾಣುತ್ತದೆಯೇ, ಓಣಿಯವರಿಗೆ ಅವನು ಕಾಣುತ್ತಾನೆಯೇ ಎಂಬುದು ಅವರ ಪರೀಕ್ಷೆ. ಪಟ್ಟಣದ ಹೆಂಗಸು ಪ್ಲಾಟಿನಲ್ಲಿ ಕೂತು ಮಣ್ಣು ಮುಟ್ಟಿ ನೋಡುತ್ತಿದ್ದಾಳೆಂದರೆ ಜನ ಏನು ತಿಳಿಯಬೇಕು? ಒಬ್ಬ ಬಂದ, ಇನ್ನೊಬ್ಬ ಬಂದ. "ಅಕ್ಕಾರ, ಈ ಪ್ಲಾಟ್ ಬಿಡ್ರಿ, ಇದರದು ತಕರಾರ ಐತಿ. ಬಾಜೂಕಿಂದು ತೋರಸ್ತೇನಿ." ನಾವು ವರನ ಮನೆ ಮುಟ್ಟುವಾಗ ನಮ್ಮ ಬೆನ್ನಿಗೆ ಪ್ಲಾಟು ಮಾರಿಸುವವರ ಒಂದು ಸಣ್ಣ ಮೆರವಣಿಗೆಯೇ ಇತ್ತು. ಬಾಗಿಲು ತೆಗೆದ ಹಿರಿಯರು ನಮ್ಮನ್ನು ಒಳಗೆ ಕರೆಯುವ ಬದಲು ಅವರನ್ನೇ ವಿಚಾರಿಸಿದರು, "ಎಷ್ಟಕ್ಕ ಮುಗಿದೈತೋ?"

ಕಡೆಗೆ ಸಂಬಂಧ ಕೂಡಿದ್ದು ಇಂಡಿ ಊರಿನವರ ಜೊತೆ. ಒಳ್ಳೆಯ ಹುಡುಗ, ಮಗಳು ಗೌರಿಗೂ ಮನಸ್ಸಾಯಿತು. ಮಾತುಕತೆ ಮುಗಿದ ಮೇಲೆ ಹುಡುಗನ ದೊಡ್ಡಪ್ಪ ಮಲ್ಲನಗೌಡರು ಒಳಗಿನಿಂದ ಬಂದೂಕು ತಂದು ತೊಡೆಯ ಮೇಲಿಟ್ಟುಕೊಂಡರು. ಬೆಳೆ ಕಾಯಲು ಲೈಸೆನ್ಸು ಪಡೆದ ಹಳೆಯ ಜೋಡುನಳಿಗೆ. ಅವರ ಮನೆತನದ ಗಂಡಿನ ನಿಬ್ಬಣ ಹೆಣ್ಣಿನ ಮನೆಯ ಮುಂದೆ ಬಂದಾಗ ಆಕಾಶಕ್ಕೆ ಗುಂಡು ಹಾರಿಸುವುದು ತಲೆತಲಾಂತರದ ರೂಢಿಯಂತೆ. ಹಾರಿಸದಿದ್ದರೆ ನಿಬ್ಬಣ ಸಪ್ಪಗೆ ಬಂತು ಅನ್ನುತ್ತಾರಂತೆ. ವೈನಿಯ ಕಡೆ ನೋಡಬಾರದೆಂದು ತೊಲೆ ನೋಡುತ್ತ ಕುಳಿತೆ.

"ಗೌಡ್ರ, ಆ ಗುಂಡು ಮ್ಯಾಲ ಹೋಗಿ ಎಲ್ಲಿ ಬೀಳತೈತ್ರಿ?" ವೈನಿಯ ದನಿ ಜೇನಿನಂತಿತ್ತು.

"ಬೀಳೂದೆಲ್ಲಿಂದ ಬಂತವ್ವಾ? ಮ್ಯಾಲ ಹೋಗತೈತಿ."

"ಹೋಗಿ?"

"ಹೋಗಿಬಿಡತೈತಿ."

"ಹಂಗಾರ ನಿಮ್ಮ ಮುತ್ತ್ಯಾನ ಮದುವಿ ಗುಂಡೂ ಇನ್ನಾ ಇಂಡಿ ಮ್ಯಾಲ ತಿರಗಾಕತ್ತಿರಬೇಕಲ್ರಿ?"

ಗೌಡರು ಮೀಸೆಯಲ್ಲೇ ನಕ್ಕರು. "ಡಾಕ್ಟರಬಾಯಾರು ಭಾಳ ಚೇಷ್ಟಿ ಅದಾರ," ಅಂದರು. ಆದರೆ ಬಂದೂಕು ತೊಡೆಯಿಂದ ಇಳಿಯಲಿಲ್ಲ.

ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನನಗೆ ಜೊಂಪು ಹತ್ತಿತು. ಬಿಳಿಜೋಳದ ಹೊಲಗಳ ಮೇಲೆ, ಬಿಸಿಲು ಸಣ್ಣಗೆ ಅಲುಗುವ ಆಕಾಶದಲ್ಲಿ, ಎಷ್ಟೋ ಮದುವೆಗಳ ಗುಂಡುಗಳು ಹಕ್ಕಿಗಳ ಹಾಗೆ ಮೆಲ್ಲಗೆ ಸುತ್ತುತ್ತಿದ್ದವು. ಒಂದಕ್ಕೂ ಸದ್ದಿಲ್ಲ. ಇಳಿಯಲು ಜಾಗ ಹುಡುಕುತ್ತಿರುವಂತೆ ಒಂದೊಂದು ಊರಿನ ಮೇಲೆ ಬಂದು ತುಸು ತಡೆದು ಮುಂದೆ ಹೋಗುತ್ತಿದ್ದವು. ನಮ್ಮ ಮಾಳಿಗೆಯ ಮೇಲೆ ಬಂದವು ಮುಂದೆ ಹೋಗಲಿಲ್ಲ. ಎಚ್ಚರವಾಯಿತು. ವೈನಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದರು.

ನನ್ನ ಹೆದರಿಕೆ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಓಣಿಯಲ್ಲಿ ನಿಬ್ಬಣ ಬಂತೆಂದರೆ ಮಕ್ಕಳೆಲ್ಲ ಮಾಳಿಗೆ ಹತ್ತಿ ಅಂಚಿಗೆ ನಿಲ್ಲುತ್ತಾರೆ. ನಮ್ಮದು ಇಕ್ಕಟ್ಟಾದ ಓಣಿ. ಅಲ್ಲಿ ಆಕಾಶಕ್ಕೆ ಗುರಿ ಇಟ್ಟ ನಳಿಗೆ, ನೂಕುನುಗ್ಗಲಿನಲ್ಲಿ ಒಂದು ಮೊಣಕೈ ತಾಗಿದರೆ ಮಾಳಿಗೆಗೆ ತಿರುಗುತ್ತದೆ. ಬೇಡವೆಂದರೆ ಗೌಡರ ಮಾನಕ್ಕೆ ಕುಂದು. ಪೊಲೀಸರಿಗೆ ಹೇಳಿದರೆ ನಿಬ್ಬಣ ಅಲ್ಲಿಂದಲೇ ತಿರುಗುತ್ತದೆ, ಗೌರಿ ಅರಿಶಿಣ ಹಚ್ಚಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ಇದನ್ನೆಲ್ಲ ವೈನಿಗೆ ಹೇಳಿದೆ.

"ಸರ್ವೇಯರ ಸಾಹೇಬ್ರ," ಅಂದರು ಅವರು, "ಗೌಡರನ್ನ ಬದಲಿ ಮಾಡೂದು ನನ್ನ ಕೈಲಿ ಆಗೂದಿಲ್ಲ. ಅವರು ನಿಂದ್ರೂ ಜಾಗಾ ಬದಲಿ ಮಾಡ್ತೇನಿ."

"ಆಗಲಿಲ್ಲಂದ್ರ?"

"ಬಂದೂಕ ಮ್ಯಾಲ ಎದ್ದ ಗಳಿಗಿಗೆ ನಾ ಅಡ್ಡ ನಿಂದ್ರತೇನಿ. ನಿಬ್ಬಣ ಹೋದ್ರ ಹೋಗ್ಲಿ."

ವೈನಿ ಆಡಿದ ಮಾತು ಮಾಡುವವರು.

ನಮ್ಮ ಮನೆಯ ಎದುರಿಗೆ ಒಂದು ಖಾಲಿ ಜಾಗವಿತ್ತು. ಜಾಲಿಕಂಟಿ, ಒಡೆದ ಬಾಟಲಿ, ಹಂದಿಗಳು. ನಿಶ್ಚಯಕ್ಕೆ ಬಂದಾಗ ಗೌಡರು ಅದರ ಮುಂದೆ ನಿಂತು, "ಇಲ್ಲೆ ಜಾಗಾ ಛಲೋ ಐತಿ, ಯಾರೂ ಅಡ್ಡ ಬರೂದಿಲ್ಲ," ಎಂದು ಬಂದೂಕಿಗೆ ಗೊತ್ತುಮಾಡಿ ಹೋಗಿದ್ದರು. ಸೊಲ್ಲಾಪುರದಲ್ಲಿರುವ ಅದರ ಮಾಲೀಕರಿಗೆ ವೈನಿ ಫೋನು ಮಾಡಿ ಒಪ್ಪಿಗೆ ಪಡೆದರು. ಜೇಸಿಬಿ ತರಿಸಿ ಜಾಲಿ ಕಿತ್ತಿಸಿದರು. ಮುರಿದು ಬಿದ್ದಿದ್ದ ಸಿಮೆಂಟಿನ ಕಂಬವನ್ನು ಕೇಳಿ ತಂದು, ತುಂಡು ಮಾಡಿಸಿ, ಕಲ್ಲುಗಳ ಮೇಲೆ ಅಡ್ಡಡ್ಡ ಇಡಿಸಿ ಕೂರುವ ಕಟ್ಟೆ ಮಾಡಿದರು. ಬೇವಿನ ಸಸಿ ನೆಟ್ಟರು. ಮದುವೆ ಮನೆಯಲ್ಲಿ ಎಲ್ಲರೂ ಹಂದರ ಹಾಕಿಸುತ್ತಿದ್ದರೆ ಇವರು ಬೀದಿಗೆ ನೀರು ಹೊಡೆಸುತ್ತಿದ್ದರು. "ನಿಮ್ಮ ವೈನಿಗೆ ಒಳಗಿನ ಕೆಲಸ ಯಾವೂ ಬರೂದಿಲ್ಲೇನ್ರಿ?" ಎಂದು ನನ್ನ ಹೆಂಡತಿಯೇ ಕೇಳಿದಳು.

ಕಡೆಯಲ್ಲಿ ಒಂದು ದೊಡ್ಡ ದೀಪ ಹಾಕಿಸಿದರು. ಹಾಕಿದವನು ಅದರ ಮುಖವನ್ನು ನೆಲಕ್ಕೆ ತಿರುಗಿಸಿ ಹೋಗಿದ್ದ. ವೈನಿ ಸ್ಟೂಲು ಹತ್ತಿ ಅದನ್ನು ಮೇಲಕ್ಕೆ ಎತ್ತಿದರು. ಅರ್ಧ ಬೆಳಕು ಕಟ್ಟೆಗೆ, ಅರ್ಧ ನಮ್ಮ ಮಾಳಿಗೆಗೆ.

"ಆಕಾಶಕ್ಕ ಯಾಕ ವೈನಿ ಲೈಟ್?"

"ಮ್ಯಾಲ ಯಾರದಾರ ಅಂಬೂದು ಕಾಣಲಿ ಅಂತ."

ಇನ್ನು ಆ ಸಂಜೆ. ಕಟ್ಟೆ ಇದ್ದಲ್ಲಿ ಜನ ಕೂರದೆ ಇರುತ್ತಾರೆಯೇ? ಎದುರಿನ ಕಟ್ಟೆ ಆಗಲೇ ತುಂಬಿಹೋಗಿತ್ತು. ಹೂವಿನ ಅಮೀನಾಬಿ ಬುಟ್ಟಿ ಹರವಿಕೊಂಡು ಮಲ್ಲಿಗೆ ಕಟ್ಟುತ್ತಿದ್ದಳು. ಪಕ್ಕದ ಮನೆಯ ನೀಲವ್ವ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಹೊಸದಾಗಿ ನೀರುಂಡ ಮಣ್ಣಿನಿಂದ ತಣ್ಣಗಿನ ವಾಸನೆ ಏಳುತ್ತಿತ್ತು. ಬೆಳಕು ಮಜ್ಜಿಗೆಯ ಬಣ್ಣಕ್ಕಿತ್ತು. ಅದರಲ್ಲಿ ಧೂಳು ಕೂಡ ಅವಸರವಿಲ್ಲದೆ ಇಳಿಯುತ್ತಿತ್ತು. ಓಣಿಯ ತಿರುವಿನಲ್ಲಿ ಬ್ಯಾಂಡು ಕೇಳಿಸಿತು. ನಿಬ್ಬಣ ಬಂತು.

ಮಲ್ಲನಗೌಡರು ಮುಂದೆ ಇದ್ದರು, ಹೆಗಲಲ್ಲಿ ಬಂದೂಕು. ತಾವು ಗೊತ್ತು ಮಾಡಿದ ಜಾಗಕ್ಕೆ ನೇರ ನಡೆದರು. ಜಾಗವೇ ಇರಲಿಲ್ಲ. ಆ ತುದಿಯಿಂದ ಈ ತುದಿಗೆ ಒಮ್ಮೆ ನಡೆದರು. ಹೋದಲ್ಲೆಲ್ಲ ಯಾರೋ ಸರಿದು ಕುಳಿತು, "ಬರ್ರಿ ಬೀಗರ, ಕುಂದರ್ರಿ," ಅನ್ನುತ್ತಿದ್ದರು. ಅಮೀನಾಬಿ ತನ್ನ ಬುಟ್ಟಿ ಸರಿಸಿದಳು. ಗೌಡರು ಕೂರಲಿಲ್ಲ. ಓಣಿಯ ನಡುವೆ, ದೀಪದ ಕೆಳಗೆ, ನನಗೆ ಎದುರಾಗಿ ಬಂದು ನಿಂತರು. ಬಂದೂಕು ಹೆಗಲಿನಿಂದ ಇಳಿದು ಕೈಗೆ ಬಂತು. ನೀಲವ್ವನ ಹಿಂದಿನಿಂದ ವೈನಿ ಮುಂದೆ ಹೆಜ್ಜೆ ಇಟ್ಟದ್ದನ್ನು ನಾನು ಕಂಡೆ. ನಳಿಗೆ ಮೇಲೇಳತೊಡಗಿತು. ಅದರ ಜೊತೆಗೆ ಗೌಡರ ಕಣ್ಣೂ ಮೇಲೇರಿತು. ನಾನೂ ಕಟ್ಟೆಯಿಂದ ಒಂದು ಹೆಜ್ಜೆ ಇಳಿದು ಹಿಂದಿರುಗಿ ಮೇಲೆ ನೋಡಿದೆ.

ಮಾಳಿಗೆಯ ಅಂಚಿನುದ್ದಕ್ಕೂ ಮುಖಗಳಿದ್ದವು. ಮಕ್ಕಳ ಮುಖಗಳು. ಅವರ ನಡುವೆ ಅರಿಶಿಣ ಹಚ್ಚಿದ ಗೌರಿಯ ಮುಖ. ಬೆಳಕು ಒಂದನ್ನೂ ಬಿಟ್ಟಿರಲಿಲ್ಲ. ಕೆಳಗೆ ಕತ್ತಲು ತುಂಬಿ, ಮಾಳಿಗೆ ಒಂದು ದೋಣಿಯಂತೆ ಅದರ ಮೇಲೆ ತೇಲುತ್ತಿರುವ ಹಾಗೆ ನನಗೆ ಕಂಡಿತು.

"ಗೌಡ್ರ, ಹಾರಸ್ರಿ," ಎಂದು ಒಬ್ಬ ಹುಡುಗ ಕೂಗಿದ.

"ತಳಗ ಇಳೀರಿ," ಅಂದರು ಗೌಡರು.

"ತಳಗ ಬಂದ್ರ ಕಾಣೂದಿಲ್ರಿ."

ನಳಿಗೆ ಅಲ್ಲಿಯೇ ನಿಂತಿತು. ಗೌಡರು ಯಾರಿಗೂ ಅಲ್ಲದ ಹಾಗೆ, ತಮ್ಮಷ್ಟಕ್ಕೆ ಒಂದು ಮಾತು ಆಡಿದರು. ನಾನು ಹತ್ತಿರವಿದ್ದುದರಿಂದ ಕೇಳಿಸಿತು. "ಇಷ್ಟು ಮಂದಿ ಮ್ಯಾಲ ಇರತಾರೇನು?"

ಆಮೇಲೆ ಅವರು ಬಂದೂಕನ್ನು ಇಳಿಸಿ ನಡುವೆ ಮಡಚಿದರು. ತೋಟಾ ಹೊರತೆಗೆದರು.

ಇಷ್ಟರಲ್ಲಿ ಬ್ಯಾಂಡಿನ ದಸ್ತಗೀರಸಾಬರಿಂದ ಒಂದು ತಪ್ಪಾಯಿತು. ಯಾವ ಹಿರಿಯರು ದೀಪದ ಕೆಳಗೆ ತಲೆಯೆತ್ತಿ ನಿಂತಿರುತ್ತಾರೋ ಅವರು ಸಲಾಮಿಗೆ ಕಾಯುತ್ತಿದ್ದಾರೆಂಬುದು ಅವರ ಲೆಕ್ಕ. ಇಡೀ ಬ್ಯಾಂಡನ್ನು ತಂದು ಗೌಡರ ಸುತ್ತ ನಿಲ್ಲಿಸಿ, ಅವರ ಮುಖಕ್ಕೇ ಕ್ಲಾರಿನೆಟ್ ಹಿಡಿದು, ಉಸಿರು ಮುಗಿಯುವವರೆಗೆ ನುಡಿಸಿದರು. ಓಣಿಯೆಲ್ಲ ಗೌಡರನ್ನೇ ನೋಡಿತು. ನಿಬ್ಬಣ ಸಪ್ಪಗೆ ಬಂತೆಂದು ಯಾರು ಅಂದಾರು? ಗೌಡರು ರುಮಾಲು ಸರಿಮಾಡಿಕೊಂಡರು. ಅಮೀನಾಬಿ ಬಿಟ್ಟ ಜಾಗದಲ್ಲಿ ಕುಳಿತರು. ತೋಟಾಗಳನ್ನು ವೈನಿಯ ಕಡೆ ಚಾಚಿದರು. "ಡಾಕ್ಟರಬಾಯಾರ, ಇವನ್ನ ಎಲ್ಲೆರ ಇಟ್ಟಿರ್ರಿ."

ನಾನು ವೈನಿಯ ಹತ್ತಿರ ಹೋದೆ. ಗೆದ್ದಿರಲ್ಲ ವೈನಿ ಎಂದು ಚೇಷ್ಟೆ ಮಾಡಬೇಕೆಂದಿದ್ದೆ. ಅವರು ಕಟ್ಟೆಯ ತುದಿಗೆ ಒರಗಿ ನಿಂತಿದ್ದರು. ಅಣ್ಣ ಚಾಚಿದ ನೀರಿನ ಬಾಟಲಿ ಅವರಿಗೆ ಕಾಣಲಿಲ್ಲ. ಮಾಳಿಗೆ ನೋಡುತ್ತ ತುಟಿ ಅಲುಗಿಸುತ್ತಿದ್ದರು. ಕಿವಿಗೊಟ್ಟೆ. ಮಕ್ಕಳ ಹೆಸರು ಹೇಳಿಕೊಳ್ಳುತ್ತಿದ್ದರು, ಒಂದೊಂದಾಗಿ.

"ನಾ ಹೋಗೂದು ಯಾವಾಗಲೂ ಗಾಯ ಆದ ಮ್ಯಾಲ," ಅಂದರು. "ಇಷ್ಟು ವರ್ಷ ಆದದ್ದನ್ನ ನೋಡೇನಿ. ಆಗದಿದ್ದದ್ದನ್ನ ಕಣ್ಣಿಲೆ ನೋಡಿದ್ದು ಇದ ಮೊದಲ."

ಆಗದೆ ಹೋದದ್ದಕ್ಕೆ ಸಾಕ್ಷಿ ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ. ಆದರೂ ಹೇಳುತ್ತೇನೆ. ನನ್ನ ಜೊತೆ ಅದನ್ನು ಕಂಡವರು, ಇಂದಿಗೂ ಇರುವವರು: ವೈನಿ, ನನ್ನ ಅಣ್ಣ, ಅಮೀನಾಬಿ, ನೀಲವ್ವ ಮತ್ತು ಅವಳ ಮೊಮ್ಮಗ, ದಸ್ತಗೀರಸಾಬರು, ಮಲ್ಲನಗೌಡರು. ಮಾಳಿಗೆಯ ಮೇಲಿದ್ದವರಲ್ಲಿ ಈರಣ್ಣ, ಮೆಹಬೂಬ, ಸಾವಿತ್ರಿ, ಶಕುಂತಲಾ, ಸಣ್ಣ ರೇಷ್ಮಾ, ನನ್ನ ಗೌರಿ. ಯಾರನ್ನೂ ಬಿಟ್ಟಿಲ್ಲ. ಎಲ್ಲರೂ ಇದ್ದಾರೆ.